ಮೂರನೆಯ ಸುತ್ತಿನ ನಿಲುಗಡೆ

ನೆವಾರ್ಕ್, ಉಪ್ಪಿನ ಊರು

ಅಮೇರಿಕದಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆ ನಾನು ಇಂದಿಗೂ ನಿರಾಸೆ ಮಾಡುತ್ತೇನೆ. ಹೆಸರಾದ ಆ ಕೆಂಪು ಸೇತುವೆಗೆ ನನ್ನನ್ನು ಎರಡು ಸಲ ಕರೆದುಕೊಂಡು ಹೋದರು. ಎರಡು ಸಲವೂ ಮಂಜು ಮುಸುಕಿತ್ತು. ಸೇತುವೆ ಇದೆ ಎಂಬುದನ್ನು ಜೊತೆಯವರ ಮಾತಿನ ಮೇಲೆ ನಂಬಿ ಬಂದೆ. ನಾನು ಕಣ್ಣಾರೆ, ಕೈಯಲ್ಲಿ ಗಡಿಯಾರ ಹಿಡಿದು, ಮುಳ್ಳಿನ ಒಂದೊಂದು ಹೆಜ್ಜೆಯನ್ನೂ ನೋಡಿದ್ದು ಒಂದು ಗ್ಯಾಸ್ ಮೀಟರನ್ನು.

ಅದು ಎಂಬತ್ತನಾಲ್ಕನೆಯ ಇಸವಿಯೋ ಎಂಬತ್ತೈದೋ. ಪಾಸ್‌ಪೋರ್ಟು ತೆಗೆದರೆ ಗೊತ್ತಾಗುತ್ತದೆ, ತೆಗೆಯುವುದಿಲ್ಲ. ಮೊಹರಿನಲ್ಲಿ ಇಸವಿ ಸಿಕ್ಕ ಕೂಡಲೇ ಉಳಿದದ್ದೆಲ್ಲ ಅಷ್ಟೇ ಖಚಿತವಾಗಿ ನೆನಪಿದೆ ಎಂಬ ಸೊಕ್ಕು ಬಂದುಬಿಡುತ್ತದೆ. ಜನವರಿ ಎನ್ನುವುದು ಮಾತ್ರ ನಿಜ, ಏಕೆಂದರೆ ಚಳಿ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಬರೀ ಬಿಸಿಲು ಎಂದು ಹುಬ್ಬಳ್ಳಿಯಲ್ಲಿ ಎಲ್ಲರೂ ಹೇಳಿದ್ದರು. ಆ ಎಲ್ಲರಲ್ಲಿ ಒಬ್ಬರೂ ಅಲ್ಲಿಗೆ ಹೋದವರಲ್ಲ. ನಾನು ಒಂದು ಸ್ವೆಟರನ್ನೂ ಒಯ್ದಿರಲಿಲ್ಲ.

ನನ್ನ ಅಕ್ಕ ಗಂಗಾ ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಅಲ್ಲಿಗೆ ಹೋಗಿದ್ದಳು. ಬಾಣಂತನ ಮಾಡುವ ಹೊತ್ತೇ ಬರಲಿಲ್ಲ. ಮಗಳು ಸುಮಾಗೆ ಏಳು ವಾರ ಮೊದಲೇ ಹೆರಿಗೆಯಾಗಿ, ಹೆಣ್ಣುಕೂಸನ್ನು ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಸುಮಾ ದಿನವಿಡೀ ಅಲ್ಲೇ. ಅಳಿಯ ರಘು ಬೆಂಗಳೂರಿನವನು, ಇಂಜಿನಿಯರು; ಆಫೀಸಿನಿಂದ ನೇರವಾಗಿ ಆಸ್ಪತ್ರೆಗೆ ಹೋಗುತ್ತಿದ್ದ. ಇಂಗ್ಲಿಷು ಬಾರದ ಅಕ್ಕ ಮನೆಯಲ್ಲಿ ಒಬ್ಬಳೇ. ಫೋನು ಬಂದರೆ ಎತ್ತಲು ಹೆದರಿಕೆ, ಎತ್ತದೆ ಬಿಡಲೂ ಹೆದರಿಕೆ. ಹೀಗಾಗಿ ರೈಲ್ವೆಯಲ್ಲಿ ಗಾರ್ಡ್ ಕೆಲಸ ಮಾಡಿ ಆಗಷ್ಟೇ ನಿವೃತ್ತನಾಗಿದ್ದ ನನಗೆ ಟಿಕೆಟು ಬಂತು. ನಾನು ಹೋದದ್ದು ದೇಶ ನೋಡಲಿಕ್ಕಲ್ಲ, ಫೋನು ಎತ್ತಲಿಕ್ಕೆ.

ರಘು ವಿಮಾನ ನಿಲ್ದಾಣದಿಂದ ಅವರಿದ್ದ ನೆವಾರ್ಕಿಗೆ ಕರೆತರುವಾಗ ಫ್ರೀವೇಯ ಆಚೆ ಬೆಳ್ಳಗಿನ ಗುಡ್ಡಗಳು ಕಂಡವು. ಹಿಮ ಎಂದುಕೊಂಡು ಕೈ ಮುಗಿಯುವಷ್ಟರಲ್ಲಿ ರಘು, ಅದು ಉಪ್ಪು ಮಾಮಾ, ಎಂದ. ಸಮುದ್ರದ ನೀರನ್ನು ಪಾತಿಗಳಿಗೆ ಬಿಟ್ಟು ಒಣಗಿಸುತ್ತಾರಂತೆ. ನಮ್ಮ ಸಾಣಿಕಟ್ಟೆಯಲ್ಲಿ ಹೆಂಗಸರು ತಲೆಯ ಮೇಲೆ ಹೊರುವ ಉಪ್ಪನ್ನು ಇಲ್ಲಿ ಆನೆಯಂಥ ಯಂತ್ರಗಳು ಹೊರುತ್ತಿದ್ದವು. ಉಪ್ಪಿನ ಊರಿನಲ್ಲಿದ್ದೇನೆ ಎಂದು ತಿಳಿದು ನನಗೆ ಯಾಕೋ ಧೈರ್ಯ ಬಂತು.

ಹಜಾರದ ಗೋಡೆ

ಆ ಮನೆಯಲ್ಲಿ ಒಲೆ ಅಡುಗೆಮನೆಯಲ್ಲಿ ಒಂದು, ಹಜಾರದ ಕಪಾಟಿನಲ್ಲಿ ಇನ್ನೊಂದು. ಎರಡನೆಯದರ ಮೇಲೆ ಏನನ್ನೂ ಬೇಯಿಸುವುದಿಲ್ಲ. ಅದು ಬೇಯಿಸುವುದು ಮನೆಯನ್ನು. ಅದಕ್ಕೆ ಫರ್ನೇಸು ಎನ್ನುತ್ತಾರೆ. ಕೆಳಗೆ ಗ್ಯಾಸು ಉರಿಯುತ್ತದೆ. ಅದರ ಮೇಲೆ ಕಬ್ಬಿಣದ ಟೊಳ್ಳು ಗೂಡುಗಳು. ಒಂದು ಫ್ಯಾನು ಮನೆಯ ಗಾಳಿಯನ್ನು ಹಜಾರದ ಗೋಡೆಯ ದೊಡ್ಡ ಜಾಲರಿಯಿಂದ ಎಳೆದುಕೊಂಡು, ಆ ಬಿಸಿ ಗೂಡುಗಳನ್ನು ಸವರಿಸಿ, ಎಲ್ಲ ಕೋಣೆಗಳ ನೆಲದಲ್ಲಿರುವ ಚಿಕ್ಕ ಜಾಲರಿಗಳಿಂದ ಹೊರಗೆ ಊದುತ್ತದೆ. ಎಳೆಯಲಿಕ್ಕೆ ಒಂದೇ ಬಾಯಿ, ಬಿಡಲಿಕ್ಕೆ ಹತ್ತು. ಇದಿಷ್ಟು ನನಗೆ ಆಮೇಲೆ ತಿಳಿದದ್ದು. ಮೊದಲ ವಾರ ನಾನು ಅದನ್ನು ಬಟ್ಟೆಯ ಕಪಾಟು ಎಂದೇ ತಿಳಿದಿದ್ದೆ. ಒಮ್ಮೆ ನನ್ನ ಒದ್ದೆ ಟವೆಲನ್ನು ಅದರ ಬಾಗಿಲಿಗೆ ನೇತುಹಾಕಿ ರಘುವಿನಿಂದ ವಿನಯವಾದ ಬೈಗುಳ ತಿಂದೆ.

ಗೋಡೆಯ ಆ ದೊಡ್ಡ ಜಾಲರಿ ಮೂಡಲ ಗೋಡೆಗಿತ್ತು. ಅಕ್ಕ ಅದರ ಮುಂದೆಯೇ ದೇವರನ್ನಿಟ್ಟಿದ್ದಳು. ಕೂಸು ಹುಟ್ಟಿದ ದಿನ ಅಲ್ಲಿ ಎಣ್ಣೆಯ ದೀಪ ಹಚ್ಚಿ, ಕೂಸು ಮನೆಗೆ ಬರುವ ತನಕ ಇದು ಆರಬಾರದು, ಇಲ್ಲಿಂದ ಕದಲಲೂಬಾರದು ಎಂದು ಹರಕೆ ಹೊತ್ತಿದ್ದಳು. ಜಾಲರಿಯ ಮೇಲೆ ಹಸಿರು ಗುಳೇದಗುಡ್ಡ ಖಣದ ಪರದೆ. ಅಷ್ಟು ದೂರದ ದೇಶದಲ್ಲಿ ಆ ಖಣದ ಕೆಂಪಂಚು ಕಂಡು ನನಗೂ ಕಣ್ಣು ತುಂಬಿತ್ತು. ರಘು ಅದರ ಫೋಟೋ ತೆಗೆದಿದ್ದ.

ಆದರೆ ಮನೆ ಬೆಚ್ಚಗಾಗುತ್ತಿರಲಿಲ್ಲ. ಫರ್ನೇಸು ನಾಲ್ಕೈದು ನಿಮಿಷ ಬಿಸಿಗಾಳಿ ಬಿಟ್ಟು, ಆಮೇಲೆ ಮುನಿಸಿಕೊಂಡಂತೆ ತಣ್ಣಗಿನ ಗಾಳಿ ಬಿಡುತ್ತಿತ್ತು. ಗೋಡೆಯ ಮೇಲಿನ ಪಾದರಸ ಅರವತ್ತನಾಲ್ಕು ಫ್ಯಾರನ್‌ಹೀಟ್ ದಾಟುತ್ತಿರಲಿಲ್ಲ. ನಾವು ಶಾಲು ಹೊದ್ದು ಸಹಿಸಬಹುದು. ಕೂಸು? ಬರುವ ಶುಕ್ರವಾರ ಕೂಸನ್ನು ಕಳಿಸುವುದಾಗಿ ಆಸ್ಪತ್ರೆಯವರು ಹೇಳಿದ್ದರು. ಗುರುವಾರ ನರ್ಸೊಬ್ಬಳು ಮನೆಗೆ ಬರುತ್ತಾಳೆ. ಕೂಸಿನ ಕೋಣೆ ಎಪ್ಪತ್ತೆರಡರಲ್ಲಿ ಅಲುಗಾಡದೆ ನಿಂತಿರಬೇಕು. ನಿಲ್ಲದಿದ್ದರೆ ಕೂಸು ಅಲ್ಲೇ.

ಸುಮಾ ಒಂದು ತಿಂಗಳಿಂದ ತನ್ನ ಮಗಳನ್ನು ಟೋಪಿ, ಕಾಲುಚೀಲ, ಕೊಳವೆಗಳ ನಡುವೆ ನೋಡಿದ್ದಳೇ ಹೊರತು ಮನೆಯಲ್ಲಿ ಎತ್ತಿಕೊಂಡಿರಲಿಲ್ಲ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಪಾದರಸವನ್ನು ಮಾತ್ರ ಎಲ್ಲರೂ ಹೋಗುತ್ತ ಬರುತ್ತ ನೋಡುತ್ತಿದ್ದರು.

ಮನೆಯ ಹಿಂದೆ, ಮೀಟರಿನ ಮುಂದೆ

ಭಾನುವಾರ ರಘು ಫರ್ನೇಸಿನ ಪುಸ್ತಕ ಹುಡುಕಿ ತೆಗೆದ. ಫರ್ನೇಸು ಎಷ್ಟು ಗ್ಯಾಸು ಕುಡಿಯುತ್ತಿದೆ ಎಂದು ತಿಳಿಯಲು ಒಂದು ಉಪಾಯ ಅದರಲ್ಲಿತ್ತು. ಬೇರೆ ಒಲೆಗಳನ್ನೆಲ್ಲ ಆರಿಸಿ, ಹೊರಗಿನ ಮೀಟರಿನ ಸಣ್ಣ ಮುಳ್ಳು ಒಂದು ಸುತ್ತು ಬರಲು ಎಷ್ಟು ಸೆಕೆಂಡು ಎಂದು ಎಣಿಸಬೇಕು. ಅವನ ಲೆಕ್ಕದಂತೆ ತೊಂಬತ್ತು ಸೆಕೆಂಡು ಬರಬೇಕು. ಹೆಚ್ಚು ಬಂದರೆ ಗ್ಯಾಸು ಸಾಲದು. ಒಂದು ತಿರುಪನ್ನು ತಿರುಗಿಸಿ ಹೆಚ್ಚಿಸಬೇಕು.

"ಮಾಮಾ, ನೀವು ರೈಲ್ವೇಲಿದ್ದೋರು, ಟೈಮು ನೀವು ನೋಡಿ. ಮೂರು ರೌಂಡು ನೋಡಿ, ಆವರೇಜು ತಗೊಳ್ಳೋಣ" ಎಂದ.

ನಾನು ಅವನ ಕೋಟು ತೊಟ್ಟು ಹಿತ್ತಿಲಲ್ಲಿ ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಬೇಲಿಯಾಚೆ ಯಾರೋ ನಾಯಿಗೆ ಸ್ವೆಟರು ತೊಡಿಸಿ ತಿರುಗಾಡಿಸುತ್ತಿದ್ದರು. ನಾಯಿ ನನ್ನನ್ನು ಕನಿಕರದಿಂದ ನೋಡಿತು. ಮೊದಲ ಸುತ್ತು ಸಲೀಸಾಗಿ ಬಂತು. ಎರಡನೆಯದೂ ಹಾಗೇ. ಮೂರನೆಯ ಸುತ್ತಿನ ಅರ್ಧದಲ್ಲಿ ಮುಳ್ಳು ನಿಂತಿತು. ಸಿಗ್ನಲ್ಲು ಬೀಳದೆ ಬಯಲಲ್ಲಿ ನಿಲ್ಲುವ ಗಾಡಿಯ ಹಾಗೆ, ಸುಮ್ಮನೆ ನಿಂತಿತು. ಎರಡೂವರೆ ನಿಮಿಷದ ಮೇಲೆ ಮತ್ತೆ ಹೊರಟಿತು.

ಒಳಗೆ ಬಂದಾಗ ರಘು ಕೇಳಿದ. ಏಳು ನಿಮಿಷ ಎಂದೆ. ಮೂರು ಸುತ್ತಿಗೂ ಸೇರಿಯಾ ಎಂದ. ಸೇರಿ ಎಂದೆ. ಅವನು ಮೂರರಿಂದ ಭಾಗಿಸಿ ನೂರನಲವತ್ತು ಸೆಕೆಂಡು ಎಂದು ಬರೆದುಕೊಂಡ.

ನಾನು ಮೂವತ್ತು ವರ್ಷ ಗಾರ್ಡ್ ಆಗಿದ್ದವನು. ಗಾಡಿ ಎಲ್ಲಿ ನಿಂತಿತು, ಎಷ್ಟು ಹೊತ್ತು, ಯಾವ ಕಾರಣಕ್ಕೆ ಎಂದು ಬರೆಯುವುದೇ ಆ ಕೆಲಸದ ಮುಖ್ಯ ಪಾಲು. ಒಂದು ಎಮ್ಮೆ ಅಡ್ಡಬಂದು ನಿಂತ ಎರಡು ನಿಮಿಷವನ್ನೂ ನಾನು ಬರೆಯದೆ ಬಿಟ್ಟವನಲ್ಲ. ಆ ದಿನ ಮಾತ್ರ ನಿಲುಗಡೆಯನ್ನು ಹೇಳಲಿಲ್ಲ. ಯಾಕೆ? ನನ್ನ ಕಣ್ಣೇ ತಪ್ಪಿತು ಎಂದುಕೊಂಡಿರಬಹುದು. ಪರದೇಶದ ಮೀಟರಿನ ರೀತಿಯೇ ಹೀಗೇನೋ ಎಂದುಕೊಂಡಿರಬಹುದು. ಅಥವಾ ಏಳು ಎಂಬ ದುಂಡಗಿನ ಸಂಖ್ಯೆ ನಾಲಿಗೆಗೆ ಹಿತವಾಗಿತ್ತೋ. ಮೂರೂ ಕಾರಣಗಳನ್ನು ನಾನು ಬೇರೆ ಬೇರೆ ವರ್ಷಗಳಲ್ಲಿ ನಂಬಿದ್ದೇನೆ.

ರಘು ತಿರುಪನ್ನು ಎರಡು ಸುತ್ತು ತಿರುಗಿಸಿದ. ಸಂಜೆಗೆ ಬಿಸಿಗಾಳಿ ಮುಖ ಸುಡುವಂತೆ ಬಂದು, ಮೊದಲಿಗಿಂತ ಬೇಗ ನಿಂತುಹೋಗತೊಡಗಿತು. ಸೋಮವಾರ ಪಾದರಸ ಅರವತ್ತೆರಡಕ್ಕಿಳಿಯಿತು. ಕಪಾಟಿನಿಂದ ಕಾದ ಕಬ್ಬಿಣದ ವಾಸನೆ ಬಂತು. ಅಕ್ಕ ದೀಪಕ್ಕೆ ಎಣ್ಣೆ ಹಾಕಿ, ಹಾಕಿದ್ದರ ಮೇಲೆ ಇನ್ನಷ್ಟು ಹಾಕಿದಳು.

ಸಿಲ್ವಾ

ಎರಡು ಮನೆಯಾಚೆ ಸಿಲ್ವಾ ಎಂಬ ಮುದುಕರಿದ್ದರು. ಬದುಕಿಡೀ ಫರ್ನೇಸು ರಿಪೇರಿ ಮಾಡಿದವರು. ರಘು ಆಫೀಸಿನಿಂದಲೇ ಫೋನು ಮಾಡಿ ಅವರನ್ನು ಕರೆದಿದ್ದ. ಮಂಗಳವಾರ ಮಧ್ಯಾಹ್ನ ಬಂದರು. ಬುಧವಾರವಲ್ಲ, ಯಾಕೆಂದರೆ ಬುಧವಾರ ಕಸದ ಗಾಡಿ ಬರುತ್ತಿತ್ತು ಮತ್ತು ಈ ನೆನಪಿನಲ್ಲಿ ಅದರ ಸದ್ದಿಲ್ಲ. ಇದು ಸಾಕ್ಷಿಯೋ ಅಲ್ಲವೋ ನೀವೇ ಹೇಳಿ.

ಹೆಸರು ಕೇಳಿ ನಾನು ಇವರು ನಮ್ಮ ಮಂಗಳೂರು ಕಡೆಯವರೇ ಎಂದು ಹಿಗ್ಗಿದೆ. ಅವರ ಅಜ್ಜ ಪೋರ್ಚುಗೀಸರ ಯಾವುದೋ ದ್ವೀಪದಿಂದ ಬಂದವರಂತೆ. ಗೋವಾ ಗೊತ್ತೇ ಎಂದು ಕೇಳಿದೆ. ಅದು ಬ್ರೆಜಿಲ್ಲಿನಲ್ಲಿದೆಯೇ ಎಂದು ಕೇಳಿದರು. ಬಾಗಿಲಲ್ಲಿದ್ದ ಚಪ್ಪಲಿಗಳ ಸಾಲು ನೋಡಿ, ಯಾರೂ ಹೇಳದೆ ಬೂಟು ಬಿಚ್ಚಿದರು. ಒಂದು ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸುವಂತೆ ಉದ್ದ ಕಾಲಿನ ಎರಡು ಥರ್ಮಾಮೀಟರು. ಕಾಫಿ ಬೇಡ, ಕೆಲಸ ಮುಗಿದ ಮೇಲೆ ಎಂದರು. ಅಕ್ಕನಿಗೆ ಇದು ಬಹಳ ಹಿಡಿಸಿತು.

ಅವರು ತಿರುಪನ್ನು ನೋಡಿದ ಕೂಡಲೇ, ಇದನ್ನು ಯಾರು ಮುಟ್ಟಿದರು ಎಂದು ಕೇಳಿದರು. ಬೇಕಾದ್ದಕ್ಕಿಂತ ಹೆಚ್ಚು ಗ್ಯಾಸು ಬಿಟ್ಟರೆ ಒಳಗಿನ ಗೂಡು ಕಾದು ಕಾದು ಬಿರುಕು ಬಿಡುತ್ತದೆ, ಉರಿದ ಗ್ಯಾಸಿನ ವಿಷ ಉಸಿರಾಡುವ ಗಾಳಿಗೆ ಸೇರುತ್ತದೆ ಎಂದರು. ಬಣ್ಣವಿಲ್ಲ, ವಾಸನೆಯಿಲ್ಲ. ಕೂಸು ಬರುವ ಮನೆ ಅಲ್ಲವೇ ಇದು ಎಂದರು. ಆಗ ಹೇಳಿದೆ. ಮೂರನೆಯ ಸುತ್ತಿನಲ್ಲಿ ಮುಳ್ಳು ಎರಡೂವರೆ ನಿಮಿಷ ನಿಂತಿತ್ತು, ನಾನು ಯಾರಿಗೂ ಹೇಳಿರಲಿಲ್ಲ ಎಂದು.

ಸಿಲ್ವಾ ಬೈಯಲಿಲ್ಲ. ಮುಳ್ಳು ನಿಂತದ್ದೇ ಇಡೀ ಸುದ್ದಿ, ಉಳಿದದ್ದು ಬರೀ ಲೆಕ್ಕ ಎಂದರು. ಗ್ಯಾಸು ಕಡಿಮೆ ಇರಲೇ ಇಲ್ಲ. ಫರ್ನೇಸು ಮಿತಿಮೀರಿ ಕಾದು, ತನ್ನನ್ನು ಕಾಯುವ ಸ್ವಿಚ್ಚಿನಿಂದ ತಾನೇ ಆಫ್ ಆಗುತ್ತಿತ್ತು. ಅಂದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ. ಗಾಳಿ ಎಳೆಯುವ ಜಾಲರಿ ಎಲ್ಲಿದೆ ಎಂದು ಕೇಳಿದರು.

ನಾನು ಖಣದ ಪರದೆಯನ್ನು ತೋರಿಸಿದೆ. ಅಕ್ಕ ಪರದೆಯ ಅಂಚನ್ನು ತಾನೇ ಎತ್ತಿದಳು. ಹಿಂದೆ ಜಾಲರಿಯ ತುಂಬ ರಟ್ಟು, ನಾಲ್ಕು ಕಡೆಯೂ ಟೇಪು. ಮಕ್ಕಳ ಡೈಪರಿನ ಪೆಟ್ಟಿಗೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸಿದ್ದು. ಅದರ ಮೇಲೆ ಒಂದು ಬೆಳ್ಳನೆಯ ಕೂಸು ನಗುತ್ತಿತ್ತು.

"ಗಾಳಿ ಎಳಕೊಂಡು ಎಳಕೊಂಡು ದೀಪಾ ಬಗ್ಗತಿತ್ತು. ಅದಕ್ಕ ಮುಚ್ಚೀನಿ" ಎಂದಳು ಅಕ್ಕ. ನಾನು, ಇದನ್ನು ಯಾವಾಗ ಮಾಡಿದೆ, ನನಗೆ ಹೇಳಬಾರದಿತ್ತೇ ಎಂದೆ.

"ವಸಂತ್ಯಾ, ನೀ ಬಂದ ಮರುದಿನ ಕತ್ರಿ ಹಿಡಿದು ಕತ್ತರಿಸಿ ಕೊಟ್ಟಾಂವ ನೀನ ಅಲ್ಲೇನೋ?"

ನನಗೆ ಇದು ನೆನಪಿಲ್ಲ. ಇವತ್ತಿಗೂ ಇಲ್ಲ. ಆದರೆ ರಟ್ಟಿನ ಅಂಚು ನಾನು ಕತ್ತರಿಸುವ ಹಾಗೇ ಎಡಕ್ಕೆ ವಾಲಿತ್ತು.

ಕೂಸಿಗಾಗಿ ಹಚ್ಚಿದ ದೀಪವೇ ಕೂಸಿನ ಕೋಣೆಯನ್ನು ತಣ್ಣಗಿಟ್ಟಿತ್ತು ಎಂದು ಬರೆದರೆ ಬಹಳ ಅಂದವಾಗಿ ಕೂಡುತ್ತದೆ. ಇಷ್ಟು ಅಂದವಾಗಿ ಕೂಡುವ ಯಾವುದನ್ನೂ ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ರಟ್ಟನ್ನು ನಾನೇ ಕೈಯಾರೆ ಬಿಚ್ಚಿದ್ದೇನೆ, ಏನು ಮಾಡಲಿ.

ಪರದೆ, ರಟ್ಟು ಎರಡನ್ನೂ ತೆಗೆದ ಮೇಲೆ, ಮೊದಲು ಗ್ಯಾಸು, ಆಮೇಲೆ ಗಾಳಿ ಎಂದರು ಸಿಲ್ವಾ. ನನ್ನನ್ನೇ ಮತ್ತೆ ಮೀಟರಿನ ಮುಂದೆ ಕಳಿಸಿದರು. ಈ ಸಲ ಮುಳ್ಳು ಎಲ್ಲೂ ನಿಲ್ಲಲಿಲ್ಲ, ಆದರೆ ಎಪ್ಪತ್ತೇ ಸೆಕೆಂಡಿಗೆ ಓಡಿಬಂತು. ಅವರು ತಿರುಪನ್ನು ಹಿಂದಕ್ಕೆ ತಿರುಗಿಸುತ್ತ, ನಾನು ಕಿಟಕಿಯಿಂದ ಸೆಕೆಂಡು ಕೂಗುತ್ತ, ನಾಲ್ಕನೆಯ ಸಲಕ್ಕೆ ತೊಂಬತ್ತಕ್ಕೆ ತಂದೆವು. ಆಮೇಲೆ ಥರ್ಮಾಮೀಟರು. ಒಂದು ಫರ್ನೇಸಿಗೆ ಹೋಗುವ ಗಾಳಿಯಲ್ಲಿ, ಇನ್ನೊಂದು ಅದರಿಂದ ಬರುವ ಗಾಳಿಯಲ್ಲಿ; ಎರಡನೆಯದನ್ನು ಬೆಂಕಿಗೆ ಮುಖಾಮುಖಿಯಾಗದ ಹಾಗೆ ಕೊಳವೆಯ ತಿರುವಿನಾಚೆ ಚುಚ್ಚಿದರು. ಬೆಂಕಿಯನ್ನು ನೇರ ನೋಡಿದ ಥರ್ಮಾಮೀಟರು ಸುಳ್ಳು ಹೇಳುತ್ತದಂತೆ. ಎರಡರ ಅಂತರ ಐವತ್ತರಿಂದ ಎಂಬತ್ತರ ನಡುವೆ ಇರಬೇಕೆಂದು ಫರ್ನೇಸಿನ ತಗಡಿನ ಮೇಲೆ ಕೊರೆದಿತ್ತು. ಕಾಲು ಗಂಟೆ ಕಾದು ನೋಡಿದರೆ ಎಪ್ಪತ್ತೊಂಬತ್ತು.

ಬಯಲಾದ ಜಾಲರಿಯ ಮುಂದೆ ದೀಪ ಹಿಂದಕ್ಕೆ ಬಾಗಿತ್ತು. ಬಾಗಿಯೂ ಉರಿಯುತ್ತಿತ್ತು.

ಸಿಲ್ವಾ ದೀಪವನ್ನೂ ಥರ್ಮಾಮೀಟರನ್ನೂ ನೋಡಿದರು. "ಗೆರೆಯ ಒಳಗೇ ಇದೆ, ಆದರೆ ಅಂಚಿನಲ್ಲಿದೆ. ಇಷ್ಟಕ್ಕೇ ಬಿಡಬಹುದು. ಜಾಲರಿಗೆ ಸ್ವಲ್ಪ ಧೂಳು ಹಿಡಿದರೆ ಮತ್ತೆ ಆಫ್ ಆದೀತು. ನನ್ನ ಮೊಮ್ಮಗಳಾಗಿದ್ದರೆ ಫ್ಯಾನಿನ ವೇಗ ಹೆಚ್ಚಿಸಿ ನಡುವಿಗೆ ತರುತ್ತಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟು ಕೂತರು. ಬೇರೆಯವರ ಮನೆಯ ದೇವರ ವಿಷಯದಲ್ಲಿ ತಾನು ತೀರ್ಮಾನ ಮಾಡುವುದಿಲ್ಲ, ಆ ತಾಯಿಯನ್ನು ಕೇಳು ಎಂದರು.

ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

"ನಡುವ ತಂದ್ರ ಗಾಳಿ ಇನ್ನೂ ಜೋರಾಗ್ತದೇನು?"

"ಆಗ್ತದ."

"ದೀಪಾ ತಡೀತದೇನು?"

"ತಡ್ಯೂದಿಲ್ಲ ಅನಸ್ತದ ಅಕ್ಕಾ. ಸರಿಸಿ ಬ್ಯಾರೆ ಕಡೆ ಇಡೂಣೇನು?"

"ಕದಲಸೂದಿಲ್ಲ ಅಂತ ಬೇಡಿಕೊಂಡೇನಿ. ಉರಿಯೂ ತನಕ ಕದಲಸೂದಿಲ್ಲ."

ಅವಳು ದೀಪವನ್ನು ನೋಡುತ್ತ ಕೂತಳು. ಒಂದು ತಿಂಗಳಿನಿಂದ ಮಲಗುವಾಗ, ಏಳುವಾಗ ನೋಡಿಕೊಂಡ ದೀಪ. ಕೂಸನ್ನು ನೋಡಲು ಅವಳಿಗೆ ವಾರಕ್ಕೊಮ್ಮೆ ಗಾಜಿನಾಚೆಯಿಂದ ಬಿಡುತ್ತಿದ್ದರು. ಉಳಿದ ದಿನ ಅವಳ ಪಾಲಿಗೆ ಕೂಸು ಅಂದರೆ ಇದೇ. ನಾನು ಸಿಲ್ವಾ ಅವರಿಗೆ ಇಷ್ಟೇ ಸಾಕು ಎಂದು ಹೇಳಿಬಿಡಲೇ ಎಂದುಕೊಂಡೆ.

"ದೀಪಾ ಯಾರ ಸಲವಾಗಿ ಹಚ್ಚೀನಿ ನಾ? ನಡುವ ತರಲಿ. ಮುದುಕಗ ಹೇಳು."

ಅವರು ಕರೆಂಟು ತೆಗೆದು, ಮೋಟಾರಿನ ರಾಟೆಯನ್ನು ಅರ್ಧ ಸುತ್ತು ಬಿಗಿಸಿ, ಬೆಲ್ಟು ಹಾಕಿ, ಮತ್ತೆ ಚಾಲು ಮಾಡಿದರು. ಮೊದಲು ಗ್ಯಾಸು ಹೊತ್ತಿಕೊಳ್ಳುತ್ತದೆ. ಫ್ಯಾನು ತಿರುಗುವುದು ಒಂದು ನಿಮಿಷದ ಮೇಲೆ. ಆ ಒಂದು ನಿಮಿಷ ದೀಪ ನೆಟ್ಟಗೆ ನಿಂತಿತ್ತು. ಅಕ್ಕ ಅಂಗೈ ಅಡ್ಡ ಹಿಡಿಯಲಿಲ್ಲ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಫ್ಯಾನು ಗುಂಯ್ ಎಂದಿತು. ದೀಪ ಒಮ್ಮೆ ಬಾಗಿತು, ಉದ್ದವಾಯಿತು, ಹೋಯಿತು.

ನನ್ನ ಕೈಯಲ್ಲಿ ಗಡಿಯಾರವಿತ್ತು. ಅಕ್ಕ ಎದ್ದು, ಈಗ ಎತ್ತಬಹುದು ಎಂದು ತನಗೇ ಹೇಳಿಕೊಂಡು, ದೀಪವನ್ನು ಅಡುಗೆಮನೆಗೆ ಒಯ್ದಳು. ಬತ್ತಿಯ ತುದಿಯಲ್ಲಿ ಕೆಂಪು ಇತ್ತು, ಅದರಿಂದಲೇ ಮತ್ತೆ ಹೊತ್ತಿಕೊಂಡಿತು ಎಂದು ಅವಳು ಕೊನೆತನಕ ಹೇಳುತ್ತಿದ್ದಳು. ಕಡ್ಡಿ ಗೀರಿದ ಸದ್ದು ನಾನು ಕೇಳಿದ್ದೇನೆ. ಅಥವಾ ಅದು ಕಾಫಿಗೆ ಒಲೆ ಹಚ್ಚಿದ ಸದ್ದು. ನನ್ನ ಹತ್ತಿರ ಇರುವುದು ಒಂದು ಚೀಟಿ ಮಾತ್ರ. ಮೇಲೆ ಸಿಲ್ವಾ ಅವರ ಅಂಕಿ: ಅಂತರ ಅರವತ್ತಾರು. ಕೆಳಗೆ ನನ್ನ ಅಕ್ಷರ: ನಾಲ್ಕು ಗಂಟೆ ಹನ್ನೆರಡು ನಿಮಿಷ, ನಿಲುಗಡೆ ನಲವತ್ತು ಸೆಕೆಂಡು.

ಸಿಲ್ವಾ ಸ್ಟೀಲಿನ ಲೋಟದಲ್ಲಿ ಬೆರಳು ಸುಟ್ಟುಕೊಂಡು ಎರಡು ಸಲ ಕಾಫಿ ಕುಡಿದರು. ಹೋಗುವಾಗ ದೀಪದ ಕಡೆ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ದೀಪ ಆಗ ಅಡುಗೆಮನೆಯ ಮೂಲೆಯಲ್ಲಿ, ಸೀರಿಯಲ್ ಡಬ್ಬಿಗಳ ನಡುವೆ ನೆಟ್ಟಗೆ ಉರಿಯುತ್ತಿತ್ತು.

ಸಂಜೆಯ ಫೋನು

ಪ್ರತಿ ಸಂಜೆ ಸುಮಾ ಆಸ್ಪತ್ರೆಯಿಂದ ಫೋನು ಮಾಡಿ ಅವ್ವನಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ದೀಪ ಅದ ಅಲ್ಲಾ? ಆ ಸಂಜೆ ಅಕ್ಕ ರಿಸೀವರನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು.

ಅದ ಎಂದರೆ ಸುಳ್ಳಾಗುತ್ತಿರಲಿಲ್ಲ. ಅಷ್ಟು ಹೇಳಿ ಮುಗಿಸಬಹುದಿತ್ತು. ಬಾಣಂತಿ, ಮೇಲೆ ತಿಂಗಳ ನಿದ್ದೆಗೆಟ್ಟವಳು.

"ಅದ. ನಡುವ ನಲವತ್ತು ಸೆಕೆಂಡ್ ಇರಲಿಲ್ಲ" ಎಂದೆ.

ನಾನು ರಟ್ಟಿನಿಂದ ಹಿಡಿದು ರಾಟೆಯ ತನಕ ಎಲ್ಲವನ್ನೂ ಹೇಳಿದೆ. ಮೂರನೆಯ ಸುತ್ತನ್ನೂ ಹೇಳಿದೆ.

"ಮನಿ ಈಗ ಎಷ್ಟದ ಮಾಮಾ?"

"ಎಪ್ಪತ್ತೆರಡು. ಆರು ಗಂಟೆಯಿಂದ ಅಲ್ಲೇ ನಿಂತದ."

"ಅವ್ವ ಅಳಲಿಕ್ಕೆ ಹತ್ಯಾಳೇನು?"

"ಇಲ್ಲ. ಅವಲಕ್ಕಿ ಹಚ್ಚಲಿಕ್ಕೆ ಹತ್ಯಾಳ."

"ಹಂಗಾರ ಸಾಕು" ಎಂದು ಫೋನಿಟ್ಟಳು.

ಶುಕ್ರವಾರ

ಗುರುವಾರ ಬಂದ ನರ್ಸು ಕೂಸಿನ ಕೋಣೆಯಲ್ಲಿ ತನ್ನ ಥರ್ಮಾಮೀಟರನ್ನಿಟ್ಟು ಒಂದು ಗಂಟೆ ಕೂತು ಪತ್ರಿಕೆ ಓದಿದಳು. ಎದ್ದು ನೋಡಿ ಏನೋ ಬರೆದುಕೊಂಡಳು. ದೀಪವನ್ನು ಕೂಸಿನ ಕೋಣೆಗೆ ತರಬೇಡಿ ಎಂದಳು, ಅಷ್ಟೇ. ಕಾಗದದಲ್ಲಿ ಏನಿದೆ ಎಂದು ನಮಗೆ ಹೇಳಲಿಲ್ಲ. ಅದನ್ನು ನಾವು ತಿಳಿದದ್ದು ಮರುದಿನ ರಘುವಿನ ಕಾರು ಅಂಗಳದಲ್ಲಿ ನಿಂತಾಗ, ಹಿಂದಿನ ಸೀಟಿನಿಂದ ಸುಮಾ ಬರಿಗೈಯಲ್ಲಿ ಇಳಿಯದೆ ಇದ್ದಾಗ.

ಅಕ್ಕ ಕೂಸಿನ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಪಕ್ಕದಲ್ಲಿ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯ ಬಟ್ಟಲು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಂದೊಂದೇ ಬಟ್ಟೆ ಬಿಚ್ಚತೊಡಗಿದಳು.

"ಅತ್ತೆ, ಟೋಪಿ ತೆಗೀಬೇಡಿ. ಡಾಕ್ಟ್ರು ಹೇಳಿದ್ದಾರೆ, ಟೆಂಪರೇಚರು..." ಎಂದ ರಘು.

"ತಗೀಲಿ ಬಿಡ್ರಿ" ಎಂದಳು ಸುಮಾ.

ಅಕ್ಕ ಟೋಪಿ ತೆಗೆದಳು. ಒಂದು ತಿಂಗಳಿಂದ ಯಾರೂ ಅದರ ತಲೆಯನ್ನು ಪೂರ್ತಿ ನೋಡಿರಲಿಲ್ಲ. ದಟ್ಟ ಕಪ್ಪು ಕೂದಲಿತ್ತು, ಬಲಗಡೆ ಒಂದು ಸುಳಿ. ನೆಲದ ಜಾಲರಿಯಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಎಣ್ಣೆಯ ಕೈ ಎದೆಯ ಮೇಲೆ ಬಿದ್ದಾಗ ಕೂಸು ಬಿಗಿಹಿಡಿದ ಎರಡು ಮುಷ್ಟಿಗಳನ್ನೂ ಬಿಚ್ಚಿತು, ತೋಳು ಅಗಲಿಸಿತು, ಅಕ್ಕನ ಕಾಲುಗಳ ಮೇಲೆ ಬರಿಮೈಯಲ್ಲಿ ಹಾಗೇ ನಿದ್ದೆ ಹೋಯಿತು. ರಘು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಅದನ್ನು ಮತ್ತೆ ಹಾಕಬೇಕೆಂದು ಅವನಿಗೂ ಹೊಳೆಯಲಿಲ್ಲ.